ಬವೇರಿಯಾದ ಗೋಧಿ ಬಿಯರ್: ಏಳು ಬಾಟಲಿ, ನಾಲ್ಕು ಜನ. ರುಚಿ ನೋಡುವ ಕ್ರಮ ಹೇಗೆ?

ಇಸಾರ್_ದಂಡೆ

ಶನಿವಾರ ಮ್ಯೂನಿಕ್‌ನಲ್ಲಿ ನಾಲ್ಕು ಜನ ಕೂತು ವೈಸ್‌ಬಿಯರ್ ರುಚಿ ನೋಡೋದು ಅಂತ ಗೊತ್ತಾಗಿದೆ. ಬಾಟಲಿಗಳೆಲ್ಲ ಅರ್ಧ ಲೀಟರಿನವು: ಎರ್ಡಿಂಗರ್ (5.3%), ವೈಹೆನ್‌ಸ್ಟೆಫಾನರ್ ಹೆಫೆ, ಅಂದರೆ ಈಸ್ಟ್ ಸೋಸದೆ ಬಿಟ್ಟದ್ದು (5.4%), ಅದೇ ಬ್ರೂವರಿಯ ಕ್ರಿಸ್ಟಾಲ್ (5.4%), ಆಯಿಂಗರ್ ಬ್ರಾಯ್‌ವೈಸೆ (5.1%), ಶ್ನೈಡರ್ ಟಾಪ್ 7 (5.4%), ವೈಹೆನ್‌ಸ್ಟೆಫಾನರ್ ವೀಟುಸ್ (7.7%), ಶ್ನೈಡರ್ ಅವೆಂಟೀನುಸ್ (8.2%).

ಯಾವುದು ಮೊದಲು, ಯಾವುದು ಕೊನೆ? ಎಷ್ಟು ತಣ್ಣಗಿರಬೇಕು? ತಳದ ಗಸಿ ಕಲಕಬೇಕೋ ಬಿಡಬೇಕೋ? ಜೊತೆಗೆ ತಿನ್ನೋಕೆ ಏನು? ಒಬ್ಬರು ಸಸ್ಯಾಹಾರಿ. ಬಲ್ಲವರು ಬಿಡಿಸಿ ಹೇಳಿ.

ತಿಳಿ_ಗಸಿ

ಮೊದಲು ಲೆಕ್ಕ ನೋಡಿ. ಒಂದು ಬಾಟಲಿ ನಾಲ್ಕು ಪಾಲಾದರೆ ತಲೆಗೆ 125 ಮಿಲಿ, ಏಳು ಬಾಟಲಿಗೆ 875 ಮಿಲಿ. ಅದರಲ್ಲಿ ಶುದ್ಧ ಆಲ್ಕೋಹಾಲ್ ಸುಮಾರು 53 ಮಿಲಿ, ಅಂದರೆ ಎರಡು ಪೂರ್ತಿ ಹೆಫೆ ಕುಡಿದಷ್ಟೇ. ಎರಡೂವರೆ ಗಂಟೆಗೆ ಹಂಚಿದರೆ ನಾಲಗೆ ಕೊನೇವರೆಗೂ ಎಚ್ಚರ ಇರುತ್ತೆ. ಕಾರು ಮನೇಲೇ ಇರಲಿ, ಎಸ್‌-ಬಾನ್ ಲೋಕಲ್ ರೈಲು ಹತ್ತಿ.

ಬಾಟಲಿಗಳನ್ನು ಹಿಂದಿನ ದಿನವೇ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ, ಮಲಗಿಸಬೇಡಿ. ತಿಳಿ ಬಣ್ಣದವು 7–8 ಡಿಗ್ರಿ, ವೀಟುಸ್ ಮತ್ತು ಅವೆಂಟೀನುಸ್ 10–12 ಡಿಗ್ರಿ ಇರಲಿ. ಮನೆ ಫ್ರಿಜ್ ಸಾಮಾನ್ಯವಾಗಿ 4–5 ಇರುವುದರಿಂದ ಮೊದಲಿನವನ್ನು ಕಾಲು ಗಂಟೆ ಮುಂಚೆ, ಬಾಕ್ (ಅಂದರೆ ಗಟ್ಟಿ ಬಿಯರ್) ಎರಡನ್ನೂ ಮುಕ್ಕಾಲು ಗಂಟೆ ಮುಂಚೆ ಹೊರಗಿಡಿ. 4 ಡಿಗ್ರಿಯಲ್ಲಿ ಕುಡಿದರೆ ಏಳೂ ಒಂದೇ ಥರ ಕಾಣುತ್ತವೆ. ಪರಿಮಳ ಮೇಲೇಳುವುದೇ ಇಲ್ಲ.

ಕ್ರಮದ ವಿಷಯ. ಕ್ರಿಸ್ಟಾಲ್‌ನಿಂದ ಶುರು ಮಾಡಿ ಅಂತ ಎಲ್ಲರೂ ಹೇಳ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಎರ್ಡಿಂಗರ್ ಮೊದಲು ಬರಲಿ, ಏಳರಲ್ಲಿ ಅದೇ ಮೆದು. ಆಮೇಲೆ ವೈಹೆನ್‌ಸ್ಟೆಫಾನರ್ ಹೆಫೆ ಮತ್ತು ಕ್ರಿಸ್ಟಾಲ್ ಎರಡನ್ನೂ ಒಟ್ಟಿಗೆ, ಪಕ್ಕಪಕ್ಕದ ಗ್ಲಾಸಿನಲ್ಲಿ ಇಡಿ. ಕ್ರಿಸ್ಟಾಲ್ ಅಂದರೆ ಸೋಸಿದ ಗೋಧಿ ಬಿಯರ್. ಒಂದೇ ಬ್ರೂವರಿ, ಒಂದೇ ಆಲ್ಕೋಹಾಲ್ ಪ್ರಮಾಣ, ಒಂದರಲ್ಲಿ ಈಸ್ಟ್ ಇದೆ, ಇನ್ನೊಂದರಲ್ಲಿ ಇಲ್ಲ. ಈಸ್ಟ್ ಬಾಯಿಗೆ ಏನು ಕೊಡುತ್ತೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಪಾಠ ಅಂಗಡಿಯಲ್ಲಿ ಸಿಗಲ್ಲ. ಆಮೇಲೆ ಆಯಿಂಗರ್, ಟಾಪ್ 7, ವೀಟುಸ್, ಅವೆಂಟೀನುಸ್.

ಗಸಿ ಹಂಚೋದೇ ನಿಜವಾದ ತಾಪತ್ರಯ. ಸುಮ್ಮನೆ ನಾಲ್ಕು ಗ್ಲಾಸಿಗೆ ಸುರಿಯುತ್ತಾ ಹೋದರೆ ಮೊದಲನೆಯವರಿಗೆ ತಿಳಿ, ಕೊನೆಯವರಿಗೆ ಬಗ್ಗಡ. ನಾಲ್ಕು ಜನ ನಾಲ್ಕು ಬೇರೆ ಬಿಯರ್ ಕುಡಿದು ಒಂದರ ಬಗ್ಗೆ ಜಗಳ ಆಡಿದ ಹಾಗಾಗುತ್ತೆ. ಒಂದು ಲೀಟರಿನ ಗಾಜಿನ ಜಗ್ಗನ್ನು ತಣ್ಣೀರಲ್ಲಿ ತೊಳೆದು, ಬಾಟಲಿ ಪೂರ್ತಿ ಗಸಿ ಸಮೇತ ಅದಕ್ಕೆ ಸುರಿದು, ಅಲ್ಲಿಂದ ಹಂಚಿ.

ಮಾಲ್ಟ್_ಮಾಸ್ತರ್

ಕ್ರಮ ಒಪ್ಪಿದೆ, ಜಗ್ ಒಪ್ಪಲ್ಲ. ವೈಸ್‌ಬಿಯರ್‌ನಲ್ಲಿ ಲೀಟರಿಗೆ 7ರಿಂದ 9 ಗ್ರಾಂ ಇಂಗಾಲದ ಡೈಆಕ್ಸೈಡ್ ಇರುತ್ತೆ. ಮಾಮೂಲಿ ಲಾಗರ್‌ನಲ್ಲಿ ಇರೋದು 5ರ ಆಸುಪಾಸು. ಜಗ್ಗಿಗೆ ಒಮ್ಮೆ, ಗ್ಲಾಸಿಗೆ ಇನ್ನೊಮ್ಮೆ ಸುರಿದರೆ ಆ ಗ್ಯಾಸ್ ಅರ್ಧ ದಾರಿಯಲ್ಲೇ ಹೋಗುತ್ತೆ. ಗ್ಯಾಸ್ ಹೋದ ಗೋಧಿ ಬಿಯರ್ ಬಾಯಲ್ಲಿ ಗಂಜಿಯ ಹಾಗೆ ಮಂದವಾಗಿ ಕೂರುತ್ತೆ.

ಹೀಗೆ ಮಾಡಿ. ಮುಚ್ಚಳ ತೆಗೆಯುವ ಮೊದಲು ಬಾಟಲಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ ಅಂಗೈಯಲ್ಲಿ ನಿಧಾನವಾಗಿ ಎರಡು ಸುತ್ತು ಉರುಳಿಸಿ. ತಳದ ಈಸ್ಟ್ ಎದ್ದು ಸಮನಾಗಿ ಹರಡುತ್ತೆ. ನೆಟ್ಟಗೆ ನಿಲ್ಲಿಸಿ ಎರಡು ನಿಮಿಷ ಬಿಟ್ಟು ತೆಗೆಯಿರಿ, ಇಲ್ಲದಿದ್ದರೆ ಉಕ್ಕಿ ಮೇಜೆಲ್ಲ ನೊರೆ. ಗ್ಲಾಸುಗಳನ್ನು ಸಾಲಾಗಿಟ್ಟು ಮೊದಲ ಸುತ್ತು ಎಡದಿಂದ ಬಲಕ್ಕೆ 60 ಮಿಲಿಯಂತೆ, ಎರಡನೇ ಸುತ್ತು ಬಲದಿಂದ ಎಡಕ್ಕೆ ಉಳಿದದ್ದು. ಮೊದಲು ತೆಳ್ಳಗೆ ಸಿಕ್ಕವರಿಗೆ ಕೊನೆಯ ಮಂದದ ಭಾಗ ಸಿಕ್ಕಿ ಸರಿಹೋಗುತ್ತೆ.

ಗ್ಲಾಸು: 125 ಮಿಲಿಗೆ ಆ ಉದ್ದನೆಯ ಅರ್ಧ ಲೀಟರ್ ವೈಟ್ಸೆನ್ ಗ್ಲಾಸ್ ಬೇಡ, ತಳದಲ್ಲೇ ಉಳಿಯುತ್ತೆ, ಮೂಗಿಗೆ ಏನೂ ಮುಟ್ಟಲ್ಲ. ಬಾಯಿ ಸ್ವಲ್ಪ ಕಿರಿದಾದ ವೈನ್ ಗ್ಲಾಸ್ ಸಾಕು.

ತಿಳಿ_ಗಸಿ

ಉರುಳಿಸೋದು ಸರಿ ಸರ್. ಆದರೆ ಗಸಿ ಸೇರುವ ಮೊದಲು ತಿಳಿ ಭಾಗವನ್ನು ಒಮ್ಮೆ ಮೂಸೋ ಅವಕಾಶ ತಪ್ಪುತ್ತೆ. ಹೆಫೆ–ಕ್ರಿಸ್ಟಾಲ್ ಜೋಡಿ ಇರೋದರಿಂದ ಈ ಸಲ ನಡೆಯುತ್ತೆ ಅನ್ನಿ.

ಕುಡ್ಲ_ಕಡಲು

ಪಾಲು ಮಾಡದೆ ಒಬ್ಬರೇ ಒಂದು ಬಾಟಲಿ ಕುಡಿಯುವವರಿಗೆ ಸುರಿಯುವ ಕ್ರಮ ಹೇಳ್ತೇನೆ. ಹತ್ತರಲ್ಲಿ ಎಂಟು ಕಡೆ ಹಾಳಾಗುವುದು ಇಲ್ಲಿಯೇ ಮಾರಾಯ್ರೆ.

ಗ್ಲಾಸನ್ನು ತಣ್ಣೀರಿನಲ್ಲಿ ಅಲುಬಿ, ಒರೆಸಬೇಡಿ, ಒದ್ದೆಯೇ ಇರಲಿ. ಒಣ ಗ್ಲಾಸಿನ ಮೈಯಲ್ಲಿ ಗುಳ್ಳೆಗಳು ಸಿಕ್ಕಾಪಟ್ಟೆ ಹುಟ್ಟುತ್ತವೆ. ಗ್ಲಾಸನ್ನು ಹೆಚ್ಚುಕಡಿಮೆ ಮಲಗುವಷ್ಟು ಓರೆ ಹಿಡಿಯಿರಿ. ಬಾಟಲಿಯ ಬಾಯಿ ಗ್ಲಾಸಿನ ಒಳಗೆ ಬರಬೇಕು, ಆದರೆ ಬಿಯರಿಗೆ ತಾಗಬಾರದು. ಸಪೂರ ಧಾರೆ, ಗ್ಲಾಸಿನ ಗೋಡೆ ಗುಂಟ. ತುಂಬುತ್ತಾ ಬಂದ ಹಾಗೆ ಗ್ಲಾಸನ್ನು ನಿಧಾನಕ್ಕೆ ಎತ್ತುತ್ತಾ ಬನ್ನಿ. ಬಾಟಲಿಯಲ್ಲಿ ಎರಡು ಬೆರಳು ಉಳಿದಾಗ ನಿಲ್ಲಿಸಿ. ಈಗ ಬಾಟಲಿಯನ್ನು ಚಕ್ಕನೆ ನಾಲ್ಕೈದು ಸುತ್ತು ತಿರುಗಿಸಿ ಗಸಿ ಎಬ್ಬಿಸಿ, ನೆಟ್ಟಗಿರುವ ಗ್ಲಾಸಿನ ನೊರೆಯ ನಡುವಿಗೆ ಸುರಿಯಿರಿ. ಮೂರು ನಾಲ್ಕು ಬೆರಳು ನೊರೆ ನಿಲ್ಲಬೇಕು. ಇಡೀ ಕೆಲಸಕ್ಕೆ ಒಂದೂವರೆ ನಿಮಿಷ ಬೇಕೇ ಬೇಕು, ಅವಸರ ಮಾಡ್ಲಿಕ್ಕೆ ಆಗುದಿಲ್ಲ.

ಬಾಟಲಿಯನ್ನೇ ಗ್ಲಾಸಿನೊಳಗೆ ತಲೆಕೆಳಗು ಮಾಡಿ ಮೇಲೆತ್ತುವ ಆಟ ಉಂಟಲ್ಲ, ನೋಡ್ಲಿಕ್ಕೆ ಚಂದ. ಆದರೆ ಗೋಡೌನು, ಕ್ರೇಟು, ಹತ್ತು ಕೈ ಸುತ್ತಿ ಬಂದ ಬಾಟಲಿಯ ಹೊರಮೈ ನಿಮ್ಮ ಬಿಯರಿನಲ್ಲಿ ಮುಳುಗುತ್ತದೆ.

ನೊರೆ ಕೂಡಲೇ ಕುಸಿದರೆ ಬಿಯರನ್ನು ಬೈಯಬೇಡಿ. ಗ್ಲಾಸಿನಲ್ಲಿ ಜಿಡ್ಡು ಉಂಟು, ಇಲ್ಲಾ ಸೋಪು ಉಳಿದಿದೆ. ಚಕ್ಕುಲಿ ತಿಂದ ತುಟಿ ತಾಗಿಸಿದರೂ ಆ ಕಡೆಯ ನೊರೆ ಕರಗುವುದು ಕಣ್ಣಿಗೇ ಕಾಣುತ್ತದೆ. ಎಣ್ಣೆ ನೊರೆಯ ಶತ್ರು.

ಧಾರವಾಡದಾಂವ

ಭಾಳ ಕಡೆ ನಿಂಬಿಹಣ್ಣಿನ ಹೋಳು ಇಟ್ಟು ಕೊಡ್ತಾರಲ್ರೀ, ಅದು ಬೇಕೋ ಬ್ಯಾಡೋ?

ಕುಡ್ಲ_ಕಡಲು

ಬೇಡ. ಸಿಪ್ಪೆಯ ಎಣ್ಣೆ ನೊರೆ ಕೊಲ್ಲುತ್ತದೆ, ನಿಂಬೆಯ ಘಮ ಲವಂಗವನ್ನು ಮುಚ್ಚುತ್ತದೆ. ಹಾಕುವವರು ಹಾಕುವುದು ಕ್ರಿಸ್ಟಾಲಿಗೆ. ಅದಕ್ಕೆ ನಾಲ್ಕು ಅಕ್ಕಿಕಾಳು ಹಾಕುವ ರೂಢಿಯೂ ಜರ್ಮನಿಯಲ್ಲಿ ಉಂಟು: ಕಾಳಿನ ಒರಟು ಮೈಯಿಂದ ಗುಳ್ಳೆ ಏಳುತ್ತಾ ನೊರೆ ಹೆಚ್ಚು ಹೊತ್ತು ನಿಲ್ಲುತ್ತದೆ. ನಮ್ಮ ಕರಾವಳಿಯವರು ಕುಚ್ಚಲಕ್ಕಿ ಹಾಕಿ ನೋಡಿದ್ದಾರೋ ಗೊತ್ತಿಲ್ಲ.

ಜಯನಗರ_4ನೇ_ಬ್ಲಾಕ್

ಎಲ್ಲರೂ ಬಾಳೆಹಣ್ಣು, ಲವಂಗ ಅಂತೀರಲ್ಲ ಗುರು, ಅದನ್ನ ಹಾಕ್ತಾರಾ ಅಥವಾ ತಾನಾಗೇ ಬರುತ್ತಾ? ಎರ್ಡಿಂಗರ್‌ನಲ್ಲಿ ಯಾಕೆ ಅಷ್ಟು ಕಮ್ಮಿ, ಶ್ನೈಡರ್‌ನಲ್ಲಿ ಯಾಕೆ ಲವಂಗ ಮುಂದೆ?

ಮಾಲ್ಟ್_ಮಾಸ್ತರ್

ಏನೂ ಹಾಕಲ್ಲ. ಗೋಧಿ ಮಾಲ್ಟ್, ಬಾರ್ಲಿ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಕಾಳು), ಕಹಿ ಕೊಡೋ ಹಾಪ್ಸ್ ಹೂ, ನೀರು, ಈಸ್ಟ್ ಅಷ್ಟೇ. ಗೋಧಿ ಮಾಲ್ಟ್ ಕನಿಷ್ಠ ಅರ್ಧ ಇರಲೇಬೇಕು, ಸಾಮಾನ್ಯವಾಗಿ 50–70%. ಉಳಿದ ಆಟವೆಲ್ಲ ಈಸ್ಟ್‌ದು, ಅದಕ್ಕೆ ನಾವು ಕೊಡೋ ಊಟದ್ದು.

ಲವಂಗದ ಘಮ 4-ವಿನೈಲ್ ಗ್ವಾಯಕಾಲ್ ಅನ್ನೋ ಫೀನಾಲ್‌ನಿಂದ. ಇದರ ಮೂಲ ಫೆರುಲಿಕ್ ಆಮ್ಲ, ಅದು ಕಾಳಿನ ಕೋಶದ ಗೋಡೆಗೆ ಅಂಟಿಕೊಂಡಿರುತ್ತೆ. ಮ್ಯಾಶ್ ಮಾಡುವಾಗ, ಅಂದರೆ ಪುಡಿ ಮಾಡಿದ ಮಾಲ್ಟನ್ನು ಬಿಸಿನೀರಲ್ಲಿ ಕಲಸುವಾಗ, 43–45 ಡಿಗ್ರಿಯಲ್ಲಿ ಹತ್ತು–ಇಪ್ಪತ್ತು ನಿಮಿಷ ನಿಲ್ಲಿಸಿದರೆ ಮಾಲ್ಟಿನ ಎನ್ಜೈಮ್ ಅದನ್ನು ಬಿಡಿಸುತ್ತೆ. ನೇರವಾಗಿ 65ಕ್ಕೆ ಹೋದರೆ ಆ ಎನ್ಜೈಮ್ ಕೆಲಸ ಮಾಡೋ ಮೊದಲೇ ಸತ್ತಿರುತ್ತೆ. ಹುದುಗುವಾಗ ವೈಸ್‌ಬಿಯರ್ ಈಸ್ಟ್ ಫೆರುಲಿಕ್ ಆಮ್ಲದಿಂದ ಇಂಗಾಲದ ಡೈಆಕ್ಸೈಡ್ ಕಿತ್ತು ಹಾಕಿ ಲವಂಗದ ಫೀನಾಲ್ ಮಾಡುತ್ತೆ. ಲಾಗರ್ ಈಸ್ಟ್‌ಗೆ ಈ ವಿದ್ಯೆ ಬರಲ್ಲ. ಇಲ್ಲೊಂದು ಉಲ್ಟಾ ಸಂಗತಿ: ಗೋಧಿ ಜಾಸ್ತಿ ಹಾಕಿದಷ್ಟೂ ಲವಂಗ ಜಾಸ್ತಿ ಆಗಲ್ಲ. ಫೆರುಲಿಕ್ ಆಮ್ಲವನ್ನು ಸುಲಭವಾಗಿ ಬಿಟ್ಟುಕೊಡೋದು ಬಾರ್ಲಿ ಮಾಲ್ಟ್. 70% ಗೋಧಿಯ ಬಿಯರ್ ಲವಂಗದಲ್ಲಿ ಹಿಂದೆ ಬೀಳಬಹುದು.

ಬಾಳೆಹಣ್ಣಿನದು ಐಸೋಅಮೈಲ್ ಅಸಿಟೇಟ್ ಅನ್ನೋ ಎಸ್ಟರ್. ಇದು ಪಚ್ಚಬಾಳೆ ಚೆನ್ನಾಗಿ ಮಾಗಿದಾಗ ಬರೋ ಘಮ. ನಂಜನಗೂಡು ರಸಬಾಳೆಯನ್ನು ಮನಸ್ಸಲ್ಲಿಟ್ಟುಕೊಂಡು ಹುಡುಕಿದರೆ ನಿರಾಸೆ ಖಂಡಿತ. ಹುದುಗೋ ಶಾಖ 17–18 ಇದ್ದರೆ ಬಾಳೆ ಸಂಕೋಚದಲ್ಲಿರುತ್ತೆ, 20–22ಕ್ಕೆ ಬಿಟ್ಟರೆ ಮುಂದೆ ಬರುತ್ತೆ, ಅದಕ್ಕೂ ಮೇಲೆ ಹೋದರೆ ಬಬಲ್‌ಗಮ್, ನೇಲ್‌ಪಾಲಿಶ್ ಅಳಿಸೋ ದ್ರಾವಣದ ವಾಸನೆ, ತಲೆನೋವು ತರೋ ಭಾರದ ಆಲ್ಕೋಹಾಲ್. ಹಳೇ ಜರ್ಮನ್ ಬ್ರೂವರ್‌ಗಳ ಒಂದು ಲೆಕ್ಕ ಇದೆ: ಈಸ್ಟ್ ಹಾಕೋ ಶಾಖ, ಹುದುಗೋ ಶಾಖ ಎರಡನ್ನೂ ಕೂಡಿದರೆ 30 ಬರಬೇಕು. 12ರಲ್ಲಿ ಹಾಕಿ 18ಕ್ಕೆ ಏರಲು ಬಿಡೋದು. ಇವತ್ತು ಎಲ್ಲರೂ ಅದನ್ನು ಪಾಲಿಸಲ್ಲ.

ಪಾತ್ರೆಯೂ ಮುಖ್ಯ. ಎತ್ತರದ ಸ್ಟೀಲ್ ಟ್ಯಾಂಕಿನ ತಳದಲ್ಲಿ ದ್ರವದ ಒತ್ತಡ ಹೆಚ್ಚು, ಕರಗಿದ ಗ್ಯಾಸೂ ಹೆಚ್ಚು. ಎರಡೂ ಎಸ್ಟರ್ ಹುಟ್ಟೋದನ್ನು ಅದುಮುತ್ತವೆ. ಆಳ ಕಡಿಮೆ ಇರುವ ತೆರೆದ ತೊಟ್ಟಿಯಲ್ಲಿ ಈಸ್ಟ್ ನಿರಾಳವಾಗಿರುತ್ತೆ, ಮೇಲೆ ತೇಲಿ ಬಂದ ಈಸ್ಟನ್ನು ಕೆನೆ ತೆಗೆದಂತೆ ತೆಗೆದು ಮುಂದಿನ ಹದಕ್ಕೆ ಬಳಸಬಹುದು. ಶ್ನೈಡರ್ ಇವತ್ತಿಗೂ ತೆರೆದ ತೊಟ್ಟಿಯನ್ನೇ ನಂಬಿದೆ. ಎರ್ಡಿಂಗರ್‌ನ ಶೈಲಿಯೇ ಮೆದು, ಕಾಳಿನ ಸಿಹಿ ಮುಂದೆ. ಅದನ್ನು ಕೊರತೆ ಅಂತ ಹೇಳೋದು ನನಗೆ ಇಷ್ಟ ಆಗಲ್ಲ. ಲವಂಗ ಸೇರದವರು ಜಗತ್ತಲ್ಲಿ ಬೇಕಾದಷ್ಟಿದ್ದಾರೆ.

ಕಹಿ 8–15 ಐಬಿಯು (ಬಿಯರಿನ ಕಹಿ ಅಳೆಯೋ ಮಾನ) ಅಷ್ಟೇ. ಹಾಪ್ಸ್ ಕಹಿಯೂ ಫೀನಾಲ್ ಖಾರವೂ ಒಟ್ಟಿಗೆ ಏರಿದರೆ ನಾಲಗೆ ಹಿಂದೆ ಔಷಧಿ ಕುಡಿದ ಹಾಗಾಗುತ್ತೆ.

ಇಸಾರ್_ದಂಡೆ

ತುಂಬಾ ಉಪಯೋಗ ಆಯ್ತು ಸರ್. ಮೂಗಿಗೆ ಮೊದಲೇ ಪಾಠ ಮಾಡೋಕೆ ಏನಾದರೂ ದಾರಿ ಇದೆಯಾ? ಇಬ್ಬರಿಗೆ ಇದು ಹೊಸದು.

ತಿಳಿ_ಗಸಿ

ಇದೆ. ರುಚಿಯಲ್ಲಿ ಹೆಚ್ಚು ಗದ್ದಲ ಇಲ್ಲದ ಲಾಗರ್ ಎರಡು ಬಾಟಲಿ ತನ್ನಿ. ಮೂರು ಲವಂಗವನ್ನು ಜಜ್ಜಿ 30 ಮಿಲಿ ವೋಡ್ಕಾದಲ್ಲಿ ರಾತ್ರಿ ನೆನೆಸಿ. 200 ಮಿಲಿ ಲಾಗರ್‌ಗೆ ಇದರ ಎರಡು ಹನಿ. ಇನ್ನೊಂದು ಲೋಟಕ್ಕೆ ಅಡಿಗೆಯ ಬಾಳೆ ಎಸೆನ್ಸ್: ಮೊದಲು ಒಂದು ಹನಿಯನ್ನು ಒಂದು ಲೋಟ ನೀರಲ್ಲಿ ಬೆರೆಸಿ, ಆ ನೀರಿನಿಂದ ಒಂದು ಚಮಚ. ನೇರವಾಗಿ ಹಾಕಿದರೆ ಮನೆಯೆಲ್ಲ ಮಿಠಾಯಿ ಅಂಗಡಿ. ಮೂರನೇ ಲೋಟದಲ್ಲಿ ಬರೀ ಲಾಗರ್. ಮೂರನ್ನೂ ಅದಲುಬದಲು ಮಾಡಿ ಮೂಸಲಿ. ಅಡಿಗೆಯ ಲವಂಗದ್ದು ಯೂಜಿನಾಲ್, ಬಿಯರಿನದು ಅದರ ನೆಂಟ, ಹಾಗಾಗಿ ಪೂರ್ತಿ ಒಂದೇ ಅಲ್ಲ, ದಿಕ್ಕು ಮಾತ್ರ ತೋರಿಸುತ್ತೆ.

ಪ್ರತಿ ಗ್ಲಾಸಿಗೂ ಮೊದಲು ಮೂಗು, ಆಮೇಲೆ ನಾಲಗೆ. ನೊರೆ ಇಳಿಯುವ ಮುನ್ನ ಎರಡು ಚಿಕ್ಕ ಉಸಿರು. ಒಂದೇ ಉದ್ದ ಉಸಿರಲ್ಲಿ ಎಳೆದರೆ ಮೂಗು ಬೇಗ ಒಗ್ಗಿಕೊಂಡು ಎರಡನೇ ಸಲ ಏನೂ ಹೇಳಲ್ಲ. ಗುಟುಕು ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ, ಲವಂಗ ಗಟ್ಟಿಯಾಗಿ ಕಾಣಿಸೋದು ಅಲ್ಲೇ. ಬರೆದುಕೊಳ್ಳುವ ತನಕ ಯಾರೂ ಬಾಯಿ ಬಿಡಬಾರದು. ಒಬ್ಬರು "ಬಬಲ್‌ಗಮ್" ಅಂದರೆ ಮುಗೀತು, ಉಳಿದ ಮೂವರಿಗೂ ಅದೇ ಕಾಣುತ್ತೆ.

ಈ ಏಳರಲ್ಲಿ ಏನು ಹುಡುಕಬೇಕು ಅಂದರೆ: ವೈಹೆನ್‌ಸ್ಟೆಫಾನರ್ ಹೆಫೆಯಲ್ಲಿ ಬಾಳೆ ಮುಂದೆ, ಲವಂಗ ಹಿಂದೆಯೇ ಬಂದು ಸಮ ಮಾಡುತ್ತೆ. ಅಲ್ಲಿಯ ಈಸ್ಟ್ ಸಂಗ್ರಹದ 68ನೇ ತಳಿ ಲೋಕದ ತುಂಬ ಬ್ರೂವರಿಗಳಿಗೆ ಹೋಗಿದೆ, ಹಾಗಾಗಿ ಅಳತೆಗೋಲು ಅಂತ ಇಟ್ಟುಕೊಳ್ಳೋದು ಇದನ್ನೇ. ಆಯಿಂಗರ್ ದುಂಡಗೆ, ಬ್ರೆಡ್ಡಿನ ಸಿಹಿ ಜಾಸ್ತಿ. ಟಾಪ್ 7 ಬಣ್ಣದಲ್ಲೇ ಬೇರೆ, ಕಂದು ಕಿತ್ತಳೆ. ಲವಂಗ, ಸ್ವಲ್ಪ ಜಾಯಿಕಾಯಿ, ಹುರಿದ ಮಾಲ್ಟಿನ ಸಿಹಿ, ಕೊನೆಗೆ ಚುರುಕು ಹುಳಿ. ವೀಟುಸ್ ಮೋಸಗಾರ: ಬಣ್ಣ ತಿಳಿ, ಒಣಗಿದ ಏಪ್ರಿಕಾಟ್, ಬಾಳೆ. 7.7% ಅಂತ ನಾಲಗೆಗೆ ಗೊತ್ತೇ ಆಗಲ್ಲ. ಅವೆಂಟೀನುಸ್‌ನಲ್ಲಿ ಒಣದ್ರಾಕ್ಷಿ, ಕಪ್ಪು ಪ್ಲಮ್, ಕೋಕೋ, ಎಲ್ಲದರ ಮೇಲೆ ಲವಂಗ. ಅದಾದ ಮೇಲೆ ಬೇರೆ ಏನನ್ನೂ ಸುರಿಯಬೇಡಿ.

ಧಾರವಾಡದಾಂವ

ಒಂದು ಸಂಶಯ ಐತ್ರೀ. 1516ರ ಶುದ್ಧತೆಯ ಕಾಯ್ದೆ ಬಾರ್ಲಿ, ಹಾಪ್ಸ್, ನೀರು ಇಷ್ಟ ಅಂತ ಹೇಳ್ತದ. ಹಂಗಾದ್ರ ಗೋಧಿ ಎಲ್ಲಿಂದ ಬಂತು? ಇವರು ಕಾಯ್ದೆ ಮುರದ್ರೇನು?

ಕೆಲ್‌ಹೈಮ್_ದಾರಿ

ಮುರಿಯಲಿಲ್ಲ, ಅರಸರೇ ತಮಗೆ ಬೇಕಾದವರಿಗೆ ವಿನಾಯಿತಿ ಕೊಟ್ಟರು. 1516ರ ಏಪ್ರಿಲ್ 23ರಂದು ಇಂಗೋಲ್‌ಸ್ಟಾಟ್‌ನಲ್ಲಿ ಹೊರಟ ಆಜ್ಞೆಯಲ್ಲಿ ಗೋಧಿ ಇಲ್ಲ ನಿಜ. 1548ರಲ್ಲಿ ಡೆಗೆನ್‌ಬೆರ್ಗ್ ಮನೆತನಕ್ಕೆ ಗೋಧಿ ಬಿಯರ್ ಮಾಡುವ ಹಕ್ಕು ಸಿಕ್ಕಿತು. 1602ರಲ್ಲಿ ಆ ಮನೆತನದ ಕೊನೆಯವನು ಮಕ್ಕಳಿಲ್ಲದೆ ತೀರಿಕೊಂಡಾಗ ಹಕ್ಕು ಡ್ಯೂಕ್ ಮೊದಲನೇ ಮ್ಯಾಕ್ಸಿಮಿಲಿಯನ್ ಕೈಗೆ ಮರಳಿತು. ಅವನು ಅದನ್ನು ಬೇರೆ ಯಾರಿಗೂ ಕೊಡದೆ ಬೊಕ್ಕಸದ ಕಾಮಧೇನು ಮಾಡಿಕೊಂಡ. ಕೆಲ್‌ಹೈಮ್‌ನ ವೈಸ್‌ಬಿಯರ್ ಬ್ರೂವರಿ 1607ರದ್ದು. ಇವತ್ತು ಪ್ರವಾಸಿಗರು ಲೀಟರ್ ಮಗ್ ಹಿಡಿದು ಕೂರುವ ಮ್ಯೂನಿಕ್ ಹೋಫ್‌ಬ್ರೌಹೌಸ್ ಜಾಗದಲ್ಲೂ ಅದೇ ವರ್ಷ ಕಟ್ಟಿದ್ದು ಗೋಧಿ ಬಿಯರ್‌ಗಾಗಿಯೇ.

ಏಕಸ್ವಾಮ್ಯ 1798ರಲ್ಲಿ ಹೋಯಿತು. ಅಷ್ಟರಲ್ಲಿ ಜನರ ಬಾಯಿ ಕಂದು ಲಾಗರ್‌ಗೆ ತಿರುಗಿತ್ತು. 1872ರಲ್ಲಿ ಗೇಯೊರ್ಗ್ ಶ್ನೈಡರ್ ದೊರೆ ಎರಡನೇ ಲುಡ್ವಿಗ್‌ನಿಂದ ಹಕ್ಕು ಪಡೆದು ಮ್ಯೂನಿಕ್‌ನ ಟಾಲ್ ಬೀದಿಯಲ್ಲಿ ಸ್ವಂತ ಬ್ರೂವರಿ ಶುರು ಮಾಡಿದ. 1907ರಲ್ಲಿ ಅದೇ ಮನೆಯಿಂದ ಅವೆಂಟೀನುಸ್ ಬಂತು. 1944ರ ಬಾಂಬ್ ದಾಳಿಯಲ್ಲಿ ಮ್ಯೂನಿಕ್‌ನ ಬ್ರೂವರಿ ನೆಲಸಮ ಆದ ಮೇಲೆ ಉತ್ಪಾದನೆ ಕೆಲ್‌ಹೈಮ್‌ಗೆ ಹೋಯಿತು. ನಿಮ್ಮ ಟಾಪ್ 7 ಬರುವುದು ಅಲ್ಲಿಂದಲೇ. ಟಾಲ್ ಬೀದಿಯ ಊಟದ ಮನೆ ಊರ ನಡುವಿನ ಮರಿಯನ್‌ಪ್ಲಾಟ್ಸ್ ಚೌಕದಿಂದ ಐದು ನಿಮಿಷದ ನಡಿಗೆ. ಬಾಟಲಿಯ ಜೊತೆ ಹೋಲಿಸಲು ಅಲ್ಲಿಯೂ ಒಂದು ಗ್ಲಾಸ್ ತಗೊಳ್ಳಿ.

ಜಯನಗರ_4ನೇ_ಬ್ಲಾಕ್

ಬೆಂಗಳೂರಲ್ಲಿ ಕುಡಿಯೋ "ವೀಟ್ ಬಿಯರ್" ಇದೇನಾ? ಕೆಲವದರಲ್ಲಿ ಕೊತ್ತಂಬರಿ ಬೀಜದ ವಾಸನೆ ಬರುತ್ತಲ್ಲ.

ಮಾಲ್ಟ್_ಮಾಸ್ತರ್

ಕೊತ್ತಂಬರಿ, ಕಿತ್ತಳೆ ಸಿಪ್ಪೆ ಬಂದರೆ ಅದು ಬೆಲ್ಜಿಯಂ ಕಡೆಯ ವಿಟ್‌ಬಿಯರ್. ಹೂಗಾರ್ಡನ್ ಆ ಜಾತಿ, ಬೀರಾ 91 ವೈಟ್ ಕೂಡ ಅದೇ ದಾರಿ. ಅಲ್ಲಿ ಮಾಲ್ಟ್ ಮಾಡದ ಹಸಿ ಗೋಧಿಯೂ ನಡೆಯುತ್ತೆ, ಬವೇರಿಯಾದಲ್ಲಿ ನಡೆಯಲ್ಲ. ಇಂದಿರಾನಗರದ ಟಾಯ್ಟ್‌ನ ವೈಸ್ ಬವೇರಿಯಾ ಶೈಲಿಯದು. ಊರಿನ ಬಹುಪಾಲು ಬ್ರೂಪಬ್‌ಗಳ ಹಲಗೆ ಮೇಲೆ ಒಂದು ಹೆಫೆವೈಟ್ಸೆನ್ ಇದ್ದೇ ಇರುತ್ತೆ.

ವ್ಯತ್ಯಾಸ ಎಲ್ಲಿ ಅಂದರೆ, ಮೊದಲನೆಯದು ಈಸ್ಟ್. ಒಣ ಈಸ್ಟ್‌ಗಳಲ್ಲಿ ತುಂಬಾ ಓಡಾಡೋದು ಡಬ್ಲ್ಯೂಬಿ-06. ಅದು ಡಯಾಸ್ಟಾಟಿಕಸ್ ಜಾತಿಯದು, ಬೇರೆ ಈಸ್ಟ್ ಬಿಡುವ ಡೆಕ್ಸ್ಟ್ರಿನ್ ಸಕ್ಕರೆಯನ್ನೂ ತಿಂದು ಬಿಯರನ್ನು ಒಣಕಲು ಮಾಡುತ್ತೆ. ಲವಂಗ ಬರುತ್ತೆ, ಬಾಯಿ ತುಂಬುವ ಮಂದ ಬರಲ್ಲ. ಬಾಟಲಿಯಲ್ಲಿ ತುಂಬಿಟ್ಟರೆ ಹುದುಗು ಮುಂದುವರಿದು ಒತ್ತಡ ಏರೋ ಅಪಾಯವೂ ಇದೆ. ಮನೇಲಿ ಮಾಡುವವರು ಇದನ್ನು ನೆನಪಿಡಿ. ಎರಡನೆಯದು ಗ್ಯಾಸ್. ನಲ್ಲಿಯಿಂದ ಬರೋ ಬಿಯರ್‌ಗೆ ಲೀಟರಿಗೆ 8 ಗ್ರಾಂ ಇಟ್ಟರೆ ಗ್ಲಾಸಿಗೆ ಬರೀ ನೊರೆ ಬೀಳುತ್ತೆ, ಹಾಗಾಗಿ ಕಡಿಮೆ ಇಡ್ತಾರೆ. ಬವೇರಿಯಾದ ಬಾಟಲಿಯಲ್ಲಿ ಆ ಗ್ಯಾಸ್ ಒಳಗೇ ಹುಟ್ಟುತ್ತೆ: ಹುದುಗದ ವರ್ಟ್ (ಮಾಲ್ಟಿನ ಸಿಹಿ ರಸ), ಅವರು ಅದಕ್ಕೆ "ಶ್ಪೈಸೆ" ಅಂತಾರೆ, ಸ್ವಲ್ಪ ಎತ್ತಿಟ್ಟು ತುಂಬುವಾಗ ಬೆರೆಸ್ತಾರೆ. ಒಂದು ವಾರ ಬೆಚ್ಚಗೆ, ಆಮೇಲೆ ಕೆಲವು ವಾರ ತಣ್ಣಗೆ.

ಆದರೆ ಒಂದು ವಿಷಯದಲ್ಲಿ ಬೆಂಗಳೂರು ಗೆಲ್ಲುತ್ತೆ, ತಾಜಾತನ. ಹತ್ತು ದಿನದ ಹಿಂದೆ ಟ್ಯಾಂಕಿನಲ್ಲಿದ್ದ ಹೆಫೆ, ಹಡಗಲ್ಲಿ ಬಿಸಿಲು ಕಂಡು ಬಂದ ಹೆಸರಾಂತ ಬಾಟಲಿಗಿಂತ ಎಷ್ಟೋ ಮೇಲು.

ಇಸಾರ್_ದಂಡೆ

ಬಾಟಲಿ ಹಳೆಯದಾಗಿದೆ ಅಂತ ಗುರುತಿಸೋದು ಹೇಗೆ?

ತಿಳಿ_ಗಸಿ

ಲೇಬಲ್ ಮೇಲೆ "ಮಿಂಡೆಸ್ಟೆನ್ಸ್ ಹಾಲ್ಟ್‌ಬಾರ್ ಬಿಸ್" ಅಂತ ಇರುತ್ತೆ, ದಿನ–ತಿಂಗಳು–ವರ್ಷ ಕ್ರಮದಲ್ಲಿ. ತುಂಬಿದ ದಿನ ಅಲ್ಲ, ಉತ್ತಮವಾಗಿರುವ ಕೊನೆಯ ದಿನ. ಆ ದಿನಕ್ಕೆ ಆರು ತಿಂಗಳಿಗಿಂತ ಕಮ್ಮಿ ಉಳಿದಿರೋದನ್ನು ರುಚಿ ಪರೀಕ್ಷೆಗೆ ನಾನು ಎತ್ತಲ್ಲ.

ನಾಲಗೆಯ ಗುರುತು ಹೀಗೆ. ಬಾಳೆ ಮೊದಲು ಮಾಯ ಆಗುತ್ತೆ, ಬಾಟಲಿಯಲ್ಲಿರೋ ಈಸ್ಟ್‌ನ ಎನ್ಜೈಮ್‌ಗಳೇ ಆ ಎಸ್ಟರನ್ನು ಒಡೆಯುತ್ತವೆ. ಬೆಚ್ಚಗಿದ್ದಷ್ಟೂ ಬೇಗ. ಲವಂಗವೂ ಇಳಿದು ವೆನಿಲ್ಲಾ ಥರ ಮಸುಕಾಗುತ್ತೆ. ಆಮೇಲೆ ಜೇನು, ಒದ್ದೆ ರಟ್ಟು. ತೀರಾ ಹಳೆಯದಾದರೆ ಸತ್ತ ಈಸ್ಟ್ ಒಡೆದು ಸೋಯಾ ಸಾಸಿನ ವಾಸನೆ. ತಳದ ಗಸಿ ಕಲಕಿದಾಗ ಪುಡಿಯಾಗಿ ಹರಡದೆ ಹೆಪ್ಪುಹೆಪ್ಪಾಗಿ ಚೂರು ಚೂರು ತೇಲಿದರೂ ಅನುಮಾನ ಪಡಿ.

ಹಳೆಯದಲ್ಲದೆ ಬೇರೆ ದೋಷಗಳೂ ಇವೆ. ಬೆಣ್ಣೆ ವಾಸನೆ ಬಂದರೆ ಡೈಅಸಿಟೈಲ್, ಈ ಶೈಲಿಯಲ್ಲಿ ಅದಕ್ಕೆ ಜಾಗವಿಲ್ಲ. ಬ್ಯಾಂಡೇಜು, ಸುಟ್ಟ ಪ್ಲಾಸ್ಟಿಕ್ ಬಂದರೆ ಕ್ಲೋರಿನ್ ನೀರು ಅಥವಾ ಕಾಡು ಈಸ್ಟ್. ನಾಲಗೆಯ ಪಕ್ಕ ಜುಮ್ಮೆನ್ನುವ ಹುಳಿ ಮೊಸರಿನ ಕಡೆಗೆ ಹೋದರೆ ಬ್ಯಾಕ್ಟೀರಿಯಾ ಹೊಕ್ಕಿದೆ. ಸಣ್ಣ ನಿಂಬೆ ಹುಳಿ ಮಾತ್ರ ಸಹಜ. ಕೊಳೆತ ಮೊಟ್ಟೆಯ ಗಂಧಕ ತೆರೆದ ಕೂಡಲೆ ಬಂದು ಎರಡು ನಿಮಿಷಕ್ಕೆ ಹೋದರೆ ಚಿಂತೆ ಬೇಡ, ನಿಂತರೆ ಸರಿಯಿಲ್ಲ.

ಕುಡ್ಲ_ಕಡಲು

ತಿಂಡಿಯ ಪ್ರಶ್ನೆ ಹಾಗೇ ಉಳಿಯಿತಲ್ಲ. ಅಲ್ಲಿನ ಕ್ರಮ ವೈಸ್‌ವೂರ್ಸ್ಟ್, ಅಂದರೆ ಕರುವಿನ ಮಾಂಸದ ಬಿಳಿ ಸಾಸೇಜು, ಹಂದಿಯದೂ ಸೇರುತ್ತದೆ. ಬಿಸಿನೀರಲ್ಲಿ ಬೆಚ್ಚಗೆ ಮಾಡುವುದು, ಕುದಿಸಿದರೆ ಒಡೆಯುತ್ತದೆ. ಸಿಪ್ಪೆ ಬಿಟ್ಟು ಸಿಹಿ ಸಾಸಿವೆಯೊಟ್ಟಿಗೆ ತಿನ್ನುವುದು, ಮಧ್ಯಾಹ್ನ ಹನ್ನೆರಡರ ಒಳಗೆ. ಸಸ್ಯಾಹಾರಿಗೆ ಬ್ರೆಟ್ಸೆಲ್ (ಗಂಟು ಹಾಕಿ ಸುಟ್ಟ ಉಪ್ಪಿನ ಬ್ರೆಡ್ಡು) ಮತ್ತು ಚೀಸಿನ ಒಬಾಟ್ಸ್‌ದಾ: ಚೆನ್ನಾಗಿ ಮಾಗಿದ ಕಾಮೊಂಬೇರ್ ಚೀಸ್ 200 ಗ್ರಾಂ, ಬೆಣ್ಣೆ 50 ಗ್ರಾಂ, ಸಣ್ಣಗೆ ಹೆಚ್ಚಿದ ನೀರುಳ್ಳಿ ಅರ್ಧ, ಪ್ಯಾಪ್ರಿಕಾ ಪುಡಿ ಒಂದು ಚಮಚ, ಜೀರಿಗೆಯ ಹಾಗೆ ಕಾಣುವ ಅವರ ಕ್ಯುಮೆಲ್ ಒಂದು ಚಿಟಿಕೆ, ಒಂದೆರಡು ಚಮಚ ವೈಸ್‌ಬಿಯರ್. ಫೋರ್ಕಿನಲ್ಲಿ ಮಸೆಯಿರಿ, ಮಿಕ್ಸಿ ಬೇಡ, ಅಂಟಾಗುತ್ತದೆ. ನೀರುಳ್ಳಿ ಬಡಿಸುವಾಗ ಮಾತ್ರ ಸೇರಿಸಿ. ಚೀಸಿನಲ್ಲಿ ಹಾಲು ಒಡೆಯಲು ಹಾಕುವ ಪ್ರಾಣಿಯ ರೆನೆಟ್ ಇರಬಹುದು, ಬ್ರೆಟ್ಸೆಲ್‌ಗೆ ಕೆಲವರು ಹಂದಿ ಕೊಬ್ಬು ಹಾಕುತ್ತಾರೆ. ಎರಡನ್ನೂ ಕೇಳಿ ತಗೊಳ್ಳಿ.

ಆದರೆ ರುಚಿ ನೋಡುವಾಗ ಅಲ್ಲ ಆಯ್ತಾ? ಮೊದಲ ಐದು ಮುಗಿಯುವ ತನಕ ಉಪ್ಪಿಲ್ಲದ ಬ್ರೆಡ್ಡು, ನೀರು ಅಷ್ಟೇ. ಒಬಾಟ್ಸ್‌ದಾ ವೀಟುಸ್ ಹೊತ್ತಿಗೆ ಬರಲಿ.

ಧಾರವಾಡದಾಂವ

ಊರಿಗೆ ಬರೂವಾಗ ತರಬೇಕಂದ್ರ ಎಷ್ಟು ತರಬಹುದ್ರೀ?

ಕೆಲ್‌ಹೈಮ್_ದಾರಿ

ಸುಂಕವಿಲ್ಲದೆ ಒಬ್ಬರಿಗೆ ಮದ್ಯ ಒಟ್ಟು 2 ಲೀಟರ್, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ವಿಸ್ಕಿ ತಂದರೆ ಅದೂ ಇದರಲ್ಲೇ ಸೇರುತ್ತೆ. ಚೆಕ್-ಇನ್ ಪೆಟ್ಟಿಗೆಯ ನಡುವೆ, ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಟ್ಟೆ ಸುತ್ತಿ. ಬಂದ ಮೇಲೆ ಎರಡು ದಿನ ನೆಟ್ಟಗೆ ನಿಲ್ಲಿಸದೆ ತೆರೆಯಬೇಡಿ. ನಾಲ್ಕೇ ತರೋದಾದರೆ ಅವೆಂಟೀನುಸ್ ಎರಡು ಇರಲಿ, ಪ್ರಯಾಣ ತಡೆದುಕೊಳ್ಳೋದು ಅದೇ.

ಮ್ಯೂನಿಕ್ ಏರ್‌ಪೋರ್ಟ್‌ನಲ್ಲಿ ವಿಮಾನ ಬದಲಿಸುವವರಿಗೆ ಇನ್ನೊಂದು ಮಾತು. ಎರಡು ಟರ್ಮಿನಲ್‌ಗಳ ನಡುವೆ ಏರ್‌ಬ್ರಾಯ್ ಅನ್ನೋ ಬ್ರೂವರಿ ಇದೆ, ಅವರ ಗೋಧಿ ಬಿಯರ್ ಹೆಸರು ಕುಮುಲುಸ್. ಅದು ಭದ್ರತಾ ತಪಾಸಣೆಯ ಹೊರಗಿರೋದರಿಂದ ಶೆಂಗೆನ್ ವೀಸಾ ಇಲ್ಲದೆ ಬರೀ ಟ್ರಾನ್ಸಿಟ್‌ನಲ್ಲಿ ಇರುವವರು ಅಲ್ಲಿಗೆ ಹೋಗೋಕಾಗಲ್ಲ.

ಧಾರವಾಡದಾಂವ

ಅವೆಂಟೀನುಸ್ ಇಟ್ಟಷ್ಟು ಚಲೋ ಅಂತಾರಲ್ರೀ, ಖರೆ ಏನು? ಹಂಗಾದ್ರ ಉಳಿದವನ್ನೂ ಇಡಬಹುದಲ್ಲ.

ಮಾಲ್ಟ್_ಮಾಸ್ತರ್

ಅವೆಂಟೀನುಸ್ ಇಡಬಹುದು, ಉಳಿದವು ಬೇಡ. 8.2% ಆಲ್ಕೋಹಾಲ್, ಕಪ್ಪು ಮಾಲ್ಟಿನ ಸಿಹಿ ಇರೋದರಿಂದ ಹಳೆಯದಾದಾಗ ಬರೋ ಜೇನು–ಶೆರಿ ರುಚಿ ಅದರ ಒಣದ್ರಾಕ್ಷಿಗೆ ಹೊಂದಿಕೊಳ್ಳುತ್ತೆ. ಬಾಳೆ ಹೋಗುತ್ತೆ, ಲವಂಗ ಮೆತ್ತಗಾಗುತ್ತೆ. ಶ್ನೈಡರ್‌ನವರೇ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಇಟ್ಟು ಮಾರಿದ್ದುಂಟು. 5.4%ದ ತಿಳಿ ಹೆಫೆಯಲ್ಲಿ ಅದೇ ಜೇನು ರುಚಿ ಬಂದರೆ ಅದು ಹಳಸಿದ ಬಿಯರ್ ಅಷ್ಟೇ.

ಇಡೋದಾದರೆ ನೆಟ್ಟಗೆ, ಕತ್ತಲಲ್ಲಿ, 10–12 ಡಿಗ್ರಿಯಲ್ಲಿ. ಧಾರವಾಡದ ಏಪ್ರಿಲ್‌ನಲ್ಲಿ ಅಲಮಾರಿನಲ್ಲಿಟ್ಟರೆ ಎರಡು ವರ್ಷದ ಕೆಲಸ ಎರಡು ತಿಂಗಳಲ್ಲಿ ಕೆಟ್ಟದಾಗಿ ಮುಗಿಯುತ್ತೆ. ಫ್ರಿಜ್‌ನ ಕೆಳಗಿನ ತರಕಾರಿ ಡಬ್ಬಿಯೇ ಗತಿ.

ಇಸಾರ್_ದಂಡೆ

ಹಾಗಾದರೆ ಎರಡು ಅವೆಂಟೀನುಸ್ ತರ್ತೀನಿ, ಒಂದು ಶನಿವಾರಕ್ಕೆ, ಒಂದು ಇಡೋಕೆ. ಕೊನೇ ಪ್ರಶ್ನೆ: ಯಾರಾದರೂ ಅರ್ಧಕ್ಕೇ ಸಾಕು ಅಂದರೆ ಬಾಟಲಿ ಮುಚ್ಚಿ ಮರುದಿನಕ್ಕೆ ಇಡಬಹುದಾ?

ಕುಡ್ಲ_ಕಡಲು

ಇಟ್ಟು ಪ್ರಯೋಜನ ಇಲ್ಲ ಮಾರಾಯ್ರೆ, ಬೆಳಗಾಗುವಾಗ ಗ್ಯಾಸ್ ಇರುದಿಲ್ಲ. ಆಗಲೇ ಕಡ್ಲೆಹಿಟ್ಟಿಗೆ ತಣ್ಣಗೆ ಹಾಕಿ ಕಲಸಿ ನೀರುಳ್ಳಿ ಬಜೆ ಮಾಡಿ. ಗ್ಯಾಸ್ ಉಳಿದಿರುವಾಗಲೇ ಎಣ್ಣೆಗೆ ಬಿಡಬೇಕು, ಹತ್ತು ನಿಮಿಷ ತಡವಾದರೆ ಗರಿಗರಿ ಬರುದಿಲ್ಲ. ಎರ್ಡಿಂಗರ್ ಆದರೆ ಸಾಕು, ವೀಟುಸನ್ನು ಅದಕ್ಕೆ ಸುರಿಯಬೇಡಿ.